ಮೊಬೈಲ್ ಆ್ಯಪ್ ಸ್ಪರ್ಧೆಗಳು: ಬಳಕೆಯ ಸುಲಭತೆ ಮತ್ತು ನ್ಯಾಯವಾದ ತೀರ್ಪು

ಸರ್ಕಾರ, ಕಂಪನಿ, ವಿಶ್ವವಿದ್ಯಾಲಯ ಅಥವಾ ಸೇವಾಸಂಸ್ಥೆಯೊಂದು ವಿಷಯ, ಗಡುವು, ಬಹುಮಾನಗಳನ್ನು ಘೋಷಿಸಿ, ಮೊಬೈಲ್ ಫೋನಿನಲ್ಲಿ ನಡೆಯುವ ತಂತ್ರಾಂಶಗಳನ್ನು ಆಹ್ವಾನಿಸಿ, ಬಂದವುಗಳಲ್ಲಿ ಮೇಲಾದುದನ್ನು ಆರಿಸುವ ಏರ್ಪಾಡಿಗೆ ಮೊಬೈಲ್ ಆ್ಯಪ್ ಸ್ಪರ್ಧೆ ಎಂದು ಹೆಸರು. 2007ರಲ್ಲಿ ಐಫೋನ್, 2008ರಲ್ಲಿ ಆ್ಯಪ್ ಸ್ಟೋರ್ ಮತ್ತು ಮೊದಲ ಆಂಡ್ರಾಯ್ಡ್ ಫೋನ್ ಬಂದ ಮೇಲೆ ಇಂಥ ಸ್ಪರ್ಧೆಗಳು ಶಾಲಾ ಮಟ್ಟದಿಂದ ಹಿಡಿದು ರಾಷ್ಟ್ರಮಟ್ಟದವರೆಗೆ ಹಬ್ಬಿವೆ. ಹೊಸತನ, ತಾಂತ್ರಿಕ ಗಟ್ಟಿತನ, ಸಮಾಜಕ್ಕೆ ಉಪಯೋಗ ಇವುಗಳ ಜೊತೆಗೆ ‘ಬಳಕೆಯ ಸುಲಭತೆ’ ಎಂಬ ಮಾನದಂಡವೂ ಅವುಗಳ ನಿಯಮಾವಳಿಯಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಉಳಿದ ಮೂರಕ್ಕೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಹೊಸತನವನ್ನು ವಿವರಣೆ ಓದಿ ತಿಳಿಯಬಹುದು, ತಾಂತ್ರಿಕ ಗುಣವನ್ನು ಕೋಡ್ ನೋಡಿ ಅಳೆಯಬಹುದು. ಸುಲಭತೆಯನ್ನು ಮಾತ್ರ ಬಳಸುವವರು ಬಳಸುವಾಗಲೇ ಕಾಣಬೇಕು. ಹಾಗಾಗಿ ಆ್ಯಪ್ ಸ್ಪರ್ಧೆಯ ತೀರ್ಪು ನ್ಯಾಯವಾಗಲು ತೀರ್ಪುಗಾರರು ಪ್ರಾಮಾಣಿಕರೂ ಪರಿಣತರೂ ಆಗಿದ್ದರೆ ಸಾಲದು. ಆ್ಯಪ್ ಯಾರಿಗಾಗಿ ತಯಾರಾಗಿದೆಯೋ ಅವರ ಕೈಗೆ ಅದನ್ನು ಕೊಟ್ಟು, ಗೊತ್ತುಪಡಿಸಿದ ಕೆಲಸ ಮಾಡಿಸಿ ನೋಡುವ ವ್ಯವಸ್ಥೆ ಸ್ಪರ್ಧೆಯ ಒಳಗೇ ಇರಬೇಕು. ಆ ವ್ಯವಸ್ಥೆ ಇಲ್ಲದ ಕಡೆ ಸುಲಭತೆಗೆ ಕೊಡುವ ಅಂಕ ಊಹೆಯ ಅಂಕ, ಮತ್ತು ಊಹೆಯ ಅಂಕದಿಂದ ಸೋತವರಿಗೆ ಆಗುವುದು ಅನ್ಯಾಯವೇ.

ಈ ಕೊರತೆ ಮೊದಲ ದೊಡ್ಡ ಸ್ಪರ್ಧೆಯಲ್ಲೇ ಇತ್ತು. 2007ರ ನವೆಂಬರಿನಲ್ಲಿ ಗೂಗಲ್ ಕಂಪನಿ ಆಂಡ್ರಾಯ್ಡ್ ಡೆವಲಪರ್ ಚಾಲೆಂಜ್ ಎಂಬ ಸ್ಪರ್ಧೆಗೆ ಒಟ್ಟು 1 ಕೋಟಿ ಡಾಲರ್ ಮೀಸಲಿಟ್ಟಿತು. 2008ರ ಏಪ್ರಿಲ್ ಗಡುವಿನ ಹೊತ್ತಿಗೆ 1,788 ಆ್ಯಪ್‌ಗಳು ಬಂದವು. ಮೊದಲ ಸುತ್ತಿನಲ್ಲಿ 50 ಆ್ಯಪ್‌ಗಳಿಗೆ ತಲಾ 25,000 ಡಾಲರ್ ದೊರೆಯಿತು. ಆಗಸ್ಟಿನಲ್ಲಿ ಹತ್ತು ಆ್ಯಪ್‌ಗಳಿಗೆ ತಲಾ 2,75,000, ಇನ್ನು ಹತ್ತಕ್ಕೆ ತಲಾ 1,00,000 ಡಾಲರ್ ಬಂತು. ಆಗ ಜಗತ್ತಿನ ಯಾವ ಅಂಗಡಿಯಲ್ಲೂ ಆಂಡ್ರಾಯ್ಡ್ ಫೋನ್ ಸಿಗುತ್ತಿರಲಿಲ್ಲ. ಮೊದಲನೆಯದಾದ ಟಿ-ಮೊಬೈಲ್ ಜಿ1 ಮಾರಾಟಕ್ಕೆ ಬಂದದ್ದು ಅಕ್ಟೋಬರಿನಲ್ಲಿ. ತೀರ್ಪುಗಾರರು ಆ್ಯಪ್‌ಗಳನ್ನು ನೋಡಿದ್ದು ಕಂಪ್ಯೂಟರಿನಲ್ಲಿ ಫೋನಿನಂತೆ ನಟಿಸುವ ಎಮ್ಯುಲೇಟರಿನಲ್ಲಿ. ಗೆದ್ದ ಹತ್ತರ ಪಟ್ಟಿ ಓದಿದರೆ ಇದರ ತೊಡಕು ತಿಳಿಯುತ್ತದೆ. ಕ್ಯಾಬ್‌4ಮಿ ನಿಂತ ಜಾಗಕ್ಕೆ ಟ್ಯಾಕ್ಸಿ ಕರೆಸುವುದು. ಲೊಕೇಲ್ ಬಳಕೆದಾರ ಎಲ್ಲಿದ್ದಾನೆ ಎಂಬುದರ ಮೇಲೆ ಫೋನಿನ ಸೆಟ್ಟಿಂಗ್ ಬದಲಿಸುವುದು. ಕಂಪೇರ್‌ಎವ್ರಿವೇರ್ ಮತ್ತು ಗೋಕಾರ್ಟ್ ಅಂಗಡಿಯ ಸರಕಿನ ಬಾರ್‌ಕೋಡನ್ನು ಕ್ಯಾಮೆರಾದಿಂದ ಓದಿ ಬೆಲೆ ಹೋಲಿಸುವುದು. ಇವೆಲ್ಲ ನಡೆಯುವುದು ಬೀದಿಯಲ್ಲಿ, ಬಿಸಿಲಿನಲ್ಲಿ, ಒಂದು ಕೈಯಲ್ಲಿ ಚೀಲ ಹಿಡಿದಿರುವಾಗ. ಎಮ್ಯುಲೇಟರಿನಲ್ಲಿ ಬೆರಳಿನ ಬದಲು ಮೌಸ್ ಬಾಣ, ನಿಜವಾದ ಸ್ಥಳದ ಬದಲು ಕೈಯಿಂದ ತುಂಬಿದ ಅಕ್ಷಾಂಶ ರೇಖಾಂಶ. ಬಾರ್‌ಕೋಡ್ ಹಿಡಿದು ತೋರಿಸಲು ನಿಜವಾದ ಕ್ಯಾಮೆರಾ ಇಲ್ಲ. ಆ ತೀರ್ಪುಗಾರರ ಆಯ್ಕೆ ಕೆಟ್ಟದಾಗಿತ್ತು ಎನ್ನಲಾಗದು. ಅವರು ಆರಿಸಿದ ಲೈಫ್360 ಮುಂದೆ ದೊಡ್ಡ ಕಂಪನಿಯಾಗಿ ಬೆಳೆದು 2024ರಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಯನ್ನೂ ಸೇರಿತು. ಎಮ್ಯುಲೇಟರಿನಲ್ಲಿ ಆ್ಯಪ್‌ನ ಕಲ್ಪನೆ ಚೆನ್ನಾಗಿ ಕಾಣುತ್ತದೆ, ಬಳಕೆ ಕಾಣುವುದಿಲ್ಲ. ಆ ಸ್ಪರ್ಧೆ ಕಲ್ಪನೆಯ ಸ್ಪರ್ಧೆಯಾಗಿ ಯಶಸ್ವಿಯಾಯಿತು.

ಅದೇ ಕಾಲದಲ್ಲಿ ಸರ್ಕಾರಗಳೂ ಈ ದಾರಿ ಹಿಡಿದವು. 2008ರ ಶರತ್ಕಾಲದಲ್ಲಿ ವಾಷಿಂಗ್ಟನ್ ನಗರಾಡಳಿತ ವಿವೇಕ್ ಕುಂದ್ರಾ ಅವರ ನೇತೃತ್ವದಲ್ಲಿ ಆ್ಯಪ್ಸ್ ಫಾರ್ ಡೆಮಾಕ್ರಸಿ ನಡೆಸಿ, 50,000 ಡಾಲರ್ ಖರ್ಚಿನಲ್ಲಿ 30 ದಿನಗಳೊಳಗೆ ವೆಬ್, ಐಫೋನ್, ಫೇಸ್‌ಬುಕ್‌ಗೆಂದು 47 ಆ್ಯಪ್‌ಗಳನ್ನು ಪಡೆದುದಾಗಿ ಹೇಳಿಕೊಂಡಿತು. ಮರುವರ್ಷ ನ್ಯೂಯಾರ್ಕ್ ನಗರ ಬಿಗ್‌ಆ್ಯಪ್ಸ್ ಆರಂಭಿಸಿತು. ಇವುಗಳ ಯಶಸ್ಸನ್ನು ಅಳೆದದ್ದು ಎಷ್ಟು ಆ್ಯಪ್ ಬಂದವು, ಅವುಗಳ ಬೆಲೆ ಎಷ್ಟಾಗಬಹುದಿತ್ತು ಎಂಬ ಲೆಕ್ಕದಲ್ಲಿ. ನಗರದ ಜನ ಅವನ್ನು ಬಳಸಬಲ್ಲರೇ ಎಂಬ ಪ್ರಶ್ನೆ ಹಿಂದೆ ಸರಿಯಿತು.

ಭಾರತದ ಒಂದು ದೊಡ್ಡ ಉದಾಹರಣೆ 2020ರ ಆತ್ಮನಿರ್ಭರ ಭಾರತ ಆ್ಯಪ್ ಇನ್ನೊವೇಶನ್ ಚಾಲೆಂಜ್. ಆ ವರ್ಷದ ಜೂನ್ 29ರಂದು ಕೇಂದ್ರ ಸರ್ಕಾರ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು. ಜುಲೈ 4ರಂದು ಪ್ರಧಾನಿ ಈ ಸ್ಪರ್ಧೆಯನ್ನು ಘೋಷಿಸಿದರು. ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಹಾಗೂ ಅಟಲ್ ಇನ್ನೊವೇಶನ್ ಮಿಷನ್ ಸೇರಿ ನಡೆಸಿದ ಈ ಸ್ಪರ್ಧೆಗೆ 6,940 ಅರ್ಜಿಗಳು ಬಂದವು. ಆಗಸ್ಟ್ 7ರಂದು ಎಂಟು ವಿಭಾಗಗಳಲ್ಲಿ 24 ಆ್ಯಪ್‌ಗಳು ವಿಜೇತವೆಂದು ಪ್ರಕಟವಾದವು. ಬಹುಮಾನ ಕ್ರಮವಾಗಿ 20, 15, 10 ಲಕ್ಷ ರೂಪಾಯಿ. ಬಳಕೆಯ ಸುಲಭತೆ, ದೃಢತೆ, ಸುರಕ್ಷತೆ, ಹೆಚ್ಚು ಜನರಿಗೆ ವಿಸ್ತರಿಸುವ ಸಾಮರ್ಥ್ಯ ಇವು ಮಾನದಂಡಗಳಾಗಿದ್ದವು. ಘೋಷಣೆಯಿಂದ ಫಲಿತಾಂಶದವರೆಗೆ ಸುಮಾರು ಐದು ವಾರ. ಅಷ್ಟರಲ್ಲಿ ಸುಮಾರು ಏಳು ಸಾವಿರ ಅರ್ಜಿಗಳನ್ನು ಜರಡಿ ಹಿಡಿದದ್ದು ಸಣ್ಣ ಸಾಧನೆಯಲ್ಲ. ಆದರೆ ಇ-ಕಲಿಕೆ ವಿಭಾಗವೊಂದನ್ನೇ ತೆಗೆದುಕೊಳ್ಳಿ. ಅಲ್ಲಿ ಗೆದ್ದವು ಕಂಪನಿ ನೌಕರರ ತರಬೇತಿಗೆಂದು ಮಾಡಿದ ಡಿಸ್‌ಪ್ರ್ಜ್, ಪುಟ್ಟ ಮಕ್ಕಳ ಕಥೆ ಹಾಡುಗಳ ಬೆಂಗಳೂರಿನ ಕುಟುಕಿ ಮತ್ತು ಇಂಗ್ಲಿಷ್ ಕಲಿಸುವ ಹೆಲೊ ಇಂಗ್ಲಿಷ್. ಒಂದರ ಬಳಕೆದಾರ ಕಚೇರಿಯ ಉದ್ಯೋಗಿ, ಇನ್ನೊಂದರದು ಅಕ್ಷರ ಬಾರದ ಮೂರು ನಾಲ್ಕು ವರ್ಷದ ಮಗು, ಮತ್ತೊಂದರದು ಇಂಗ್ಲಿಷ್ ಬಾರದ ವಯಸ್ಕ. ಈ ಮೂರಕ್ಕೂ ಒಂದೇ ಅಳತೆಗೋಲು ಹಿಡಿದು, ಒಬ್ಬನೇ ತೀರ್ಪುಗಾರ ತನ್ನ ಬೆರಳಿನ ಅನುಭವದಿಂದ ಸುಲಭತೆಯ ಅಂಕ ಕೊಡಬಲ್ಲನೆ? ಕೊಡಲಾರ, ಎಷ್ಟೇ ಪರಿಣತನಾದರೂ ಅವನು ಆ ಮೂವರಲ್ಲಿ ಹೆಚ್ಚೆಂದರೆ ಒಬ್ಬ. ಸಾಮಾಜಿಕ ಜಾಲತಾಣ ವಿಭಾಗದಲ್ಲಿ ಗೆದ್ದ ಕೂ ಕೂಡ ಬೆಂಗಳೂರಿನದೇ. ಮೊದಲು ಕನ್ನಡದಲ್ಲಿ ಆರಂಭವಾಗಿ, ಆಮೇಲೆ ಬೇರೆ ಭಾಷೆಗಳಿಗೆ ಹಬ್ಬಿ, 2024ರ ಜುಲೈಯಲ್ಲಿ ಅದು ನಿಂತುಹೋಯಿತು. ಇದನ್ನು ತೀರ್ಪಿನ ಸೋಲೆಂದು ಕೆಲವರು ಎಣಿಸಬಹುದು. ನನ್ನ ಎಣಿಕೆ ಬೇರೆ. ಹಣಕಾಸು, ಪಾಲುದಾರಿಕೆ, ಪೈಪೋಟಿ ಇವು ಆ್ಯಪ್‌ನ ಆಯುಸ್ಸನ್ನು ನಿರ್ಧರಿಸುತ್ತವೆ. ಸ್ಪರ್ಧೆಯ ತೀರ್ಪು ಮಾರುಕಟ್ಟೆಯ ಭವಿಷ್ಯವಾಣಿ ಆಗಬೇಕಿಲ್ಲ, ತಾನು ಅಳೆಯುತ್ತೇನೆಂದು ಹೇಳಿದ್ದನ್ನು ಸರಿಯಾಗಿ ಅಳೆದರೆ ಸಾಕು.

ಅಳೆಯುವುದೇನನ್ನು ಎಂಬುದಕ್ಕೆ ಒಪ್ಪಿತವಾದ ಉತ್ತರ ಬಹಳ ಹಿಂದೆಯೇ ಇದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 9241-11 ಎಂಬ ಮಾನಕ 1998ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಗೊತ್ತಾದ ಬಳಕೆದಾರರು, ಗೊತ್ತಾದ ಸನ್ನಿವೇಶದಲ್ಲಿ, ಗೊತ್ತಾದ ಗುರಿಯನ್ನು ಎಷ್ಟರ ಮಟ್ಟಿಗೆ ಮುಟ್ಟುತ್ತಾರೆ, ಅದಕ್ಕೆ ಎಷ್ಟು ಶ್ರಮ ಮತ್ತು ಸಮಯ ತಗಲುತ್ತದೆ, ಮುಗಿದ ಮೇಲೆ ಎಷ್ಟು ತೃಪ್ತರಾಗಿರುತ್ತಾರೆ ಎಂಬುದೇ ಬಳಕೆಯ ಗುಣ. ಅಂದರೆ ಸುಲಭತೆ ಆ್ಯಪ್‌ನೊಳಗೆ ಕೂತಿರುವ ಗುಣವಲ್ಲ. ಅದು ಆ್ಯಪ್, ಮನುಷ್ಯ, ಕೆಲಸ, ಸ್ಥಳ ಈ ನಾಲ್ಕರ ನಡುವಿನ ಸಂಬಂಧ. ತೃಪ್ತಿಯನ್ನು ಅಳೆಯುವುದಕ್ಕೂ ಸರಳ ಸಾಧನವಿದೆ. 1986ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಇಂಗ್ಲೆಂಡ್ ಶಾಖೆಯಲ್ಲಿದ್ದ ಜಾನ್ ಬ್ರೂಕ್ ಹತ್ತು ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಸಿಸ್ಟಮ್ ಯೂಸಬಿಲಿಟಿ ಸ್ಕೇಲ್ ಎಂಬ ಈ ಪಟ್ಟಿಯಲ್ಲಿ ಹೊಗಳಿಕೆಯ ಮತ್ತು ದೂರಿನ ಹೇಳಿಕೆಗಳು ಒಂದಾದ ಮೇಲೊಂದು ಬರುತ್ತವೆ. ಒಪ್ಪುವ, ಒಪ್ಪದ ಐದು ಹಂತಗಳಲ್ಲಿ ಗುರುತು ಹಾಕಿದರೆ ಸೊನ್ನೆಯಿಂದ ನೂರರವರೆಗೆ ಅಂಕ ದೊರೆಯುತ್ತದೆ. ನೂರಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸರಾಸರಿ 68ರ ಸುತ್ತ ಬರುತ್ತದೆ. ತುಂಬಲು ಐದು ನಿಮಿಷ ಸಾಕು. ಒಂದೇ ಎಚ್ಚರ: ಆ್ಯಪ್ ಮಾಡಿದವರು ಎದುರಿಗೆ ಕೂತಿದ್ದರೆ ನಮ್ಮ ಜನ ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಎಂದೇ ಬರೆಯುತ್ತಾರೆ, ಆದ್ದರಿಂದ ಮಾಡಿದವರನ್ನು ಹೊರಗೆ ಕಳಿಸಬೇಕು.

ಇದನ್ನೆಲ್ಲ ಬಿಟ್ಟು, ಬಹುತೇಕ ಸ್ಪರ್ಧೆಗಳು ಡೆಮೊ ನೋಡಿ ಅಂಕ ಕೊಡುತ್ತವೆ. ಡೆಮೊದಲ್ಲಿ ಆ್ಯಪ್ ನಡೆಸುವವರು ಅದನ್ನು ಕಟ್ಟಿದವರೇ. ಯಾವ ಗುಂಡಿ ಎಲ್ಲಿದೆ ಎಂದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಮೊದಲೇ ಲಾಗಿನ್ ಆಗಿರುತ್ತದೆ, ಪಟ್ಟಿಯಲ್ಲಿ ಮಾದರಿ ಹೆಸರುಗಳು ತುಂಬಿರುತ್ತವೆ, ಸಭಾಂಗಣದ ವೈ-ಫೈ ಚುರುಕಾಗಿರುತ್ತದೆ. ಅದೇ ಆ್ಯಪ್ ಎಪಿಎಂಸಿ ಯಾರ್ಡಿನಲ್ಲಿ ನಿಂತ ರೈತರೊಬ್ಬರ ಹಳೆಯ ಫೋನಿನಲ್ಲಿ ತೆರೆದಾಗ ಕಥೆ ಶುರುವಾಗುವುದೇ ನೋಂದಣಿಯಿಂದ. ಹೆಸರು, ಊರು, ಪಹಣಿ ಸಂಖ್ಯೆ ತುಂಬಿಸಿ ಮುಂದೆ ಒತ್ತಿದರೆ ಒಟಿಪಿ ಕೇಳುತ್ತದೆ. ಸಿಗ್ನಲ್ ಸಿಕ್ಕಿ ಮೆಸೇಜ್ ಬರುವಷ್ಟರಲ್ಲಿ ಅರ್ಧ ಸಮಯ ಹೋಗಿರುತ್ತದೆ. ಆ ನಾಲ್ಕಂಕಿ ನೋಡಲು ಮೆಸೇಜ್ ಪೆಟ್ಟಿಗೆಗೆ ಹೋಗಿ ಹಿಂದಿರುಗಿದರೆ, ಮೆಮೊರಿ ಕಡಿಮೆಯಿರುವ ಫೋನು ಆ್ಯಪನ್ನು ಮುಚ್ಚಿಬಿಟ್ಟಿರುತ್ತದೆ, ತುಂಬಿದ ಅರ್ಜಿ ಖಾಲಿ. ಮತ್ತೆ ಮೊದಲಿನಿಂದ ತುಂಬಬೇಕು. ಎರಡನೆಯ ಸಲವೂ ಹಾಗೇ ಆದರೆ ಫೋನು ಜೇಬಿಗೆ ಹೋಗುತ್ತದೆ. ತೀರ್ಪುಗಾರರು ನೋಡಿದ ಆರು ನಿಮಿಷದ ಡೆಮೊದಲ್ಲಿ ಇದರ ಒಂದು ಸೆಕೆಂಡೂ ಇರುವುದಿಲ್ಲ. ಈ ನೋಂದಣಿಯ ತಾಪತ್ರಯವನ್ನು ತಪ್ಪಿಸಲು ವಾರಗಟ್ಟಲೆ ದುಡಿದ ಇನ್ನೊಂದು ತಂಡಕ್ಕೆ ಆ ದುಡಿಮೆಗೆಂದು ಒಂದಂಕವೂ ಹೆಚ್ಚು ಬರುವುದಿಲ್ಲ. ಡೆಮೊ ಆಧಾರಿತ ತೀರ್ಪಿನ ನಿಜವಾದ ಅನ್ಯಾಯ ಇದು: ಕಣ್ಣಿಗೆ ಕಾಣದ ಶ್ರಮವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನೋಡುವುದಷ್ಟೇ ಆದಾಗ ಅಂದವೇ ಸುಲಭತೆಯಾಗಿ ತೋರುತ್ತದೆ ಎಂಬುದಕ್ಕೂ ಗಟ್ಟಿ ಆಧಾರವಿದೆ. 1995ರಲ್ಲಿ ಜಪಾನಿನ ಹಿಟಾಚಿ ವಿನ್ಯಾಸ ಕೇಂದ್ರದ ಮಸಾಕಿ ಕುರೊಸು ಮತ್ತು ಕಾವೊರಿ ಕಶಿಮುರಾ ಎಟಿಎಂ ಪರದೆಯ 26 ವಿನ್ಯಾಸಗಳನ್ನು 252 ಮಂದಿಗೆ ತೋರಿಸಿ, ಸುಲಭವಾಗಿ ಕಾಣುತ್ತದೆಯೇ, ಅಂದವಾಗಿದೆಯೇ ಎಂದು ಕೇಳಿದರು. ಜನರಿಗೆ ಸುಲಭವೆಂದು ಕಂಡದ್ದು ವಿನ್ಯಾಸದಲ್ಲಿದ್ದ ನಿಜವಾದ ಅನುಕೂಲಕ್ಕಿಂತ ಅದರ ಅಂದಕ್ಕೆ ಹತ್ತಿರವಾಗಿತ್ತು. ಇದು ಜಪಾನೀಯರ ವಿಶೇಷ ಸೌಂದರ್ಯಪ್ರಜ್ಞೆ ಇರಬಹುದೆಂದು ಅನುಮಾನಿಸಿದ ನೋಮ್ ಟ್ರಾಕ್ಟಿನ್‌ಸ್ಕಿ ಇಸ್ರೇಲಿನಲ್ಲಿ ಅದೇ ಪ್ರಯೋಗ ಮಾಡಿ 1997ರಲ್ಲಿ ಪ್ರಕಟಿಸಿದರು. ಅಲ್ಲಿ ಅಂದದ ಪ್ರಭಾವ ಇನ್ನೂ ಹೆಚ್ಚಾಗಿಯೇ ಕಂಡುಬಂತು. ಚಂದದ ಐಕಾನ್, ನಯವಾದ ಚಲನೆ, ಒಪ್ಪವಾದ ಬಣ್ಣಗಳಿಗೆ ಬೆಲೆ ಇಲ್ಲವೆಂದಲ್ಲ. ಅವಕ್ಕೆ ವಿನ್ಯಾಸದ ಅಂಕ ಕೊಡಲಿ. ಅದೇ ಚಂದಕ್ಕೆ ಸುಲಭತೆಯ ಹೆಸರಿನಲ್ಲಿ ಇನ್ನೊಮ್ಮೆ ಅಂಕ ಕೊಡುವುದು ತಪ್ಪು. ಒಳ್ಳೆಯ ವಿನ್ಯಾಸಕಾರರನ್ನು ನೇಮಿಸಿಕೊಳ್ಳಬಲ್ಲ ಶ್ರೀಮಂತ ತಂಡಕ್ಕೆ ಇದರಿಂದ ಎರಡು ಪಟ್ಟು ಲಾಭವಾಗುತ್ತದೆ.

ಪರಿಣತರಿಗೇ ಬಿಟ್ಟರೆ ಸಾಲದೇ ಎಂಬುದು ಮೊದಲ ಆಕ್ಷೇಪ. ಪರಿಣತರ ಕಣ್ಣು ಬೇಕು, ಅದರಲ್ಲಿ ಸಂದೇಹವಿಲ್ಲ. 1990ರಲ್ಲಿ ಯಾಕೊಬ್ ನೀಲ್ಸನ್ ಮತ್ತು ರಾಲ್ಫ್ ಮೊಲಿಕ್ ಮುಂದಿಟ್ಟ, 1994ರಲ್ಲಿ ನೀಲ್ಸನ್ ಹತ್ತು ಸೂತ್ರಗಳಾಗಿ ತಿದ್ದಿದ ಪರಿಶೀಲನಾ ಕ್ರಮ ಇಂದಿಗೂ ಬಳಕೆಯಲ್ಲಿದೆ. ಆದರೆ ಪರಿಣತರು ಒಬ್ಬರಿನ್ನೊಬ್ಬರನ್ನು ಎಷ್ಟು ಒಪ್ಪುತ್ತಾರೆ? ಅದೇ ಮೊಲಿಕ್ 1998ರ ಸುಮಾರಿಗೆ ಒಂಬತ್ತು ತಂಡಗಳಿಗೆ ಹಾಟ್‌ಮೇಲ್ ಜಾಲತಾಣವನ್ನು ಪರೀಕ್ಷಿಸಲು ಕೊಟ್ಟರು. ಎಲ್ಲ ಸೇರಿ 310 ತೊಡಕುಗಳನ್ನು ಗುರುತಿಸಿದವು. ಅವುಗಳಲ್ಲಿ ಮುಕ್ಕಾಲು ಪಾಲು ಒಂದೊಂದು ತಂಡಕ್ಕೆ ಮಾತ್ರ ಕಂಡವು. 2001ರಲ್ಲಿ ಮೊರ್ಟೆನ್ ಹೆರ್ಟ್‌ಸುಮ್ ಮತ್ತು ನೀಲ್ಸ್ ಯಾಕೊಬ್ಸನ್ ಇಂಥ ಹಲವು ಅಧ್ಯಯನಗಳನ್ನು ಹೋಲಿಸಿದಾಗ, ಒಂದೇ ವಿಧಾನ ಬಳಸಿದ ಇಬ್ಬರು ಪರೀಕ್ಷಕರ ನಡುವಿನ ಸರಾಸರಿ ಒಮ್ಮತ ಶೇಕಡ 5ರಿಂದ 65ರ ನಡುವೆ ಹೊಯ್ದಾಡುತ್ತಿತ್ತು. ಬೇರೆ ಕ್ಷೇತ್ರಗಳಲ್ಲೂ ಇದೇ ಪಾಡು. ಯಂತ್ರಕಲಿಕೆಯ ದೊಡ್ಡ ಸಮ್ಮೇಳನವಾದ ನ್ಯೂರಿಪ್ಸ್ 2014ರಲ್ಲಿ 166 ಪ್ರಬಂಧಗಳನ್ನು ಎರಡು ಸಮಿತಿಗಳಿಗೆ ಪ್ರತ್ಯೇಕವಾಗಿ ಕೊಟ್ಟಾಗ ನಾಲ್ಕರಲ್ಲೊಂದಕ್ಕೆ ಎರಡು ಸಮಿತಿಗಳ ತೀರ್ಮಾನ ಬೇರೆ ಬೇರೆಯಾಯಿತು. ಒಂದು ಸಮಿತಿ ಆರಿಸಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ತಿರಸ್ಕರಿಸಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ವೈನ್ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಗೊತ್ತಾಗದಂತೆ ಮೂರು ಸಲ ಕೊಟ್ಟು ನೋಡಿದ ರಾಬರ್ಟ್ ಹಾಜ್‌ಸನ್ ಅವರಿಗೆ, ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ ತಮ್ಮ ಅಂಕದಲ್ಲಿ ಸ್ಥಿರವಾಗಿರುವುದು ಕಂಡುಬಂತು. ಇವರಾರೂ ಅಪ್ರಾಮಾಣಿಕರಲ್ಲ. ಪ್ರಾಮಾಣಿಕ ತೀರ್ಪಿನಲ್ಲೂ ಇಷ್ಟು ಏರಿಳಿತ ಸಹಜವೆಂದು ಒಪ್ಪಿಕೊಂಡು ಸ್ಪರ್ಧೆಯನ್ನು ಕಟ್ಟಬೇಕು.

ಹಾಗೆ ಕಟ್ಟುವ ಕೆಲಸದಲ್ಲಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾದದ್ದು ಅಂಕಗಳ ಗಣಿತ. ನಾಲ್ಕು ಮಾನದಂಡಗಳಿಗೆ ತಲಾ 25 ಅಂಕ ಎಂದಿಟ್ಟುಕೊಳ್ಳಿ. ಸುಲಭತೆಯನ್ನು ಪರೀಕ್ಷಿಸಲು ಅವಕಾಶವೇ ಇಲ್ಲದ ತೀರ್ಪುಗಾರರು ಎಲ್ಲರಿಗೂ 17ರಿಂದ 19ರೊಳಗೆ ಕೊಡುತ್ತಾರೆ, ಹೊಸತನಕ್ಕೆ ಮಾತ್ರ ಧೈರ್ಯವಾಗಿ 8ರಿಂದ 24ರವರೆಗೆ. ಕಾಗದದ ಮೇಲೆ ಎರಡಕ್ಕೂ ಸಮಾನ ತೂಕ. ಫಲಿತಾಂಶದಲ್ಲಿ ಸುಲಭತೆಯಿಂದ ಬರುವ ಅಂತರ ಹೆಚ್ಚೆಂದರೆ ಎರಡಂಕ, ಹೊಸತನದಿಂದ ಹದಿನಾರು. ಯಾರೂ ಬೇಕೆಂದು ಮಾಡದೆ ಸುಲಭತೆ ಸ್ಪರ್ಧೆಯಿಂದಲೇ ಹೊರಬಿದ್ದಿರುತ್ತದೆ. ಮಾನದಂಡದ ನಿಜವಾದ ತೂಕ ಇರುವುದು ಅದರ ಅಂಕಗಳ ಹರವಿನಲ್ಲಿ, ನಿಯಮಾವಳಿಯ ಶೇಕಡಾವಾರಿನಲ್ಲಲ್ಲ. ಆದ್ದರಿಂದ ಸಂಘಟಕರು ಫಲಿತಾಂಶಕ್ಕೆ ಮುನ್ನ ಪ್ರತಿ ಮಾನದಂಡದ ಹರವನ್ನು ನೋಡಲೇಬೇಕು. ಇನ್ನೊಂದು ತೊಡಕು ಬಿಗಿ ಕೈ, ಧಾರಾಳ ಕೈಗಳದು. ಮುನ್ನೂರು ಆ್ಯಪ್, ಮೂವತ್ತು ತೀರ್ಪುಗಾರರು, ಪ್ರತಿ ಆ್ಯಪ್ ಮೂವರಿಗೆ ಎಂದಾದರೆ, ಸರಾಸರಿ ಐದು ಕೊಡುವ ಮೂವರ ಪಾಲಿಗೆ ಬಿದ್ದ ಆ್ಯಪ್‌ಗೂ ಎಂಟು ಕೊಡುವವರ ಪಾಲಿಗೆ ಬಿದ್ದದ್ದಕ್ಕೂ ಗುಣದಲ್ಲಿ ವ್ಯತ್ಯಾಸವಿಲ್ಲದೆಯೂ ಅಂಕದಲ್ಲಿ ಮೂರರ ಅಂತರ ಬೀಳುತ್ತದೆ. ಪ್ರತಿ ತೀರ್ಪುಗಾರನ ಅಂಕವನ್ನು ಅವನದೇ ಸರಾಸರಿ ಮತ್ತು ಹರವಿಗೆ ಹೊಂದಿಸಿ ಮರುಲೆಕ್ಕ ಹಾಕುವುದು, ಆರಂಭದಲ್ಲಿ ಎಲ್ಲರಿಗೂ ಅದೇ ನಾಲ್ಕೈದು ಆ್ಯಪ್‌ಗಳನ್ನು ಕೊಟ್ಟು ಅಳತೆ ಸರಿಮಾಡಿಕೊಳ್ಳುವುದು, ಚರ್ಚೆಗೆ ಕೂರುವ ಮುನ್ನ ಅಂಕ ಬರೆದು ಕೊಡುವುದು ಇವಕ್ಕೆಲ್ಲ ಖರ್ಚೇ ಇಲ್ಲ. ಕ್ರಮವೂ ಮುಖ್ಯ. ಬ್ರಸೆಲ್ಸಿನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ನುಡಿಸುವ ಸರದಿ ಚೀಟಿ ಎತ್ತಿ ನಿರ್ಧಾರವಾದರೂ, ಕೊನೆಯ ದಿನಗಳಲ್ಲಿ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವ ಸಾಧ್ಯತೆ ಹೆಚ್ಚಿತ್ತೆಂದು ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ 1996ರಲ್ಲಿ ತೋರಿಸಿದರು. ಆ್ಯಪ್ ಸ್ಪರ್ಧೆಗೆ ಸಂಗೀತಕ್ಕಿಲ್ಲದ ಅನುಕೂಲವಿದೆ. ಪ್ರತಿ ತೀರ್ಪುಗಾರನಿಗೂ ಬೇರೆ ಬೇರೆ ಕ್ರಮದಲ್ಲಿ ಆ್ಯಪ್ ಕಳಿಸಬಹುದು.

ಜನರೇ ಮತ ಹಾಕಲಿ, ಅದಕ್ಕಿಂತ ದೊಡ್ಡ ಬಳಕೆದಾರ ಪರೀಕ್ಷೆ ಯಾವುದು ಎಂಬುದು ಎರಡನೆಯ ಆಕ್ಷೇಪ. ಆಂಡ್ರಾಯ್ಡ್ ಸ್ಪರ್ಧೆಯ 2009ರ ಎರಡನೆಯ ಆವೃತ್ತಿ ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ ಇಟ್ಟಿತು. ಹತ್ತು ವಿಭಾಗಗಳ ಆ್ಯಪ್‌ಗಳನ್ನು ಸಾಮಾನ್ಯ ಬಳಕೆದಾರರು ತಮ್ಮ ಫೋನಿಗೇ ಇಳಿಸಿಕೊಂಡು ಅಂಕ ಕೊಟ್ಟು, ವಿಭಾಗಕ್ಕೆ ಇಪ್ಪತ್ತರಂತೆ 200 ಆ್ಯಪ್‌ಗಳನ್ನು ಮುಂದಿನ ಸುತ್ತಿಗೆ ಕಳಿಸಿದರು. ಆ ಸುತ್ತಿನಲ್ಲಿ ಅವರ ಜೊತೆಗೆ ತೀರ್ಪುಗಾರರ ಅಂಕವೂ ಸೇರಿತು. ಇಲ್ಲಿ ಮೆಚ್ಚಬೇಕಾದದ್ದು ಬಳಸಿದ ಮೇಲೆಯೇ ಅಂಕ ಎಂಬ ನಿಯಮ. ಜಾಲತಾಣದಲ್ಲಿ ಒಂದು ಕ್ಲಿಕ್ಕಿಗೆ ಬೀಳುವ ಮತ ಹಾಗಲ್ಲ. ಅದು ಎಣಿಸುವುದು ಯಾರಿಗೆ ಹೆಚ್ಚು ಗೆಳೆಯರು, ಯಾವ ಕಾಲೇಜಿನ ವಾಟ್ಸ್‌ಆ್ಯಪ್ ಗುಂಪು ದೊಡ್ಡದು ಎಂಬುದನ್ನು. ಮೊದಲ ದಿನ ಮುಂದೆ ಬಂದವರು ಮುಂದೆಯೇ ಇರುತ್ತಾರೆ. ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದ, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಭಾಗವಹಿಸಿದ ಪ್ರಯೋಗದಲ್ಲಿ, ಹಿಂದಿನವರು ಎಷ್ಟು ಸಲ ಇಳಿಸಿಕೊಂಡರೆಂದು ತೋರಿಸಿದ ಕೂಡಲೇ ಜನಪ್ರಿಯ ಹಾಡುಗಳು ಇನ್ನಷ್ಟು ಜನಪ್ರಿಯವಾದವು, ಯಾವುದು ಗೆಲ್ಲುತ್ತದೆ ಎಂಬುದು ಗುಂಪಿನಿಂದ ಗುಂಪಿಗೆ ಬದಲಾಗುತ್ತಿತ್ತು. ಜನಮತಕ್ಕೆ ಬೇಕಿದ್ದರೆ ಬೇರೆಯೇ ಬಹುಮಾನ ಇರಲಿ. ಸುಲಭತೆಯ ಅಂಕಕ್ಕೆ ಅದನ್ನು ಬೆರೆಸಬಾರದು.

ಭಾಷೆ ಮತ್ತು ಅಂಗವೈಕಲ್ಯದ ವಿಷಯದಲ್ಲಿ ತೀರ್ಪುಗಾರರ ಊಹೆ ಹೆಚ್ಚು ಎಡವುತ್ತದೆ, ಏಕೆಂದರೆ ಅಲ್ಲಿ ತೀರ್ಪುಗಾರರಿಗೂ ಬಳಕೆದಾರರಿಗೂ ಇರುವ ದೂರ ಹೆಚ್ಚು. 2014ರ ಆಂಡ್ರಾಯ್ಡ್ 5.0 ಆವೃತ್ತಿಯಿಂದ ಫೋನಿನ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಆದರೂ ಆ್ಯಪ್‌ಗಳ ವಿನ್ಯಾಸ ನಡೆಯುವುದು ಇಂಗ್ಲಿಷ್ ಅಕ್ಷರದ ಎತ್ತರ ನೋಡಿಕೊಂಡು. ಗುಂಡಿಯ ಎತ್ತರವನ್ನು ಅದಕ್ಕೆ ಬಿಗಿಮಾಡಿದರೆ ಕನ್ನಡದ ಒತ್ತಕ್ಷರಗಳಿಗೆ ಕೆಳಗೆ ಜಾಗ ಸಾಲದು: ‘ಮೊತ್ತ’ ಎಂಬಲ್ಲಿ ಕೆಳಗಿನ ತಕಾರ ಕತ್ತರಿಸಿ ‘ಮೊತ’ ಉಳಿಯುತ್ತದೆ, ‘ಶಾಸ್ತ್ರ’ದಂಥ ಮೂರು ವ್ಯಂಜನದ ಅಕ್ಷರ ಗುರುತೇ ಸಿಗದಂತಾಗುತ್ತದೆ. ಇಂಗ್ಲಿಷಿನ ಚಿಕ್ಕ ಪದಕ್ಕೆಂದು ಬಿಟ್ಟ ಅಗಲದಲ್ಲಿ ಉದ್ದನೆಯ ಕನ್ನಡ ಪದ ಅರ್ಧಕ್ಕೆ ನಿಂತು ಮೂರು ಚುಕ್ಕಿಯಾಗುತ್ತದೆ. ಇಂಗ್ಲಿಷ್ ಆವೃತ್ತಿಯನ್ನೇ ತೆರೆದು ನೋಡಿದ ತೀರ್ಪುಗಾರರಿಗೆ ಇದು ಕಾಣುವ ದಾರಿಯೇ ಇಲ್ಲ. ಕಣ್ಣು ಕಾಣದವರು ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಮೂಲಕ ಪರದೆಯನ್ನು ಕೇಳಿಸಿಕೊಳ್ಳುತ್ತಾರೆ. ಚಿತ್ರದ ಗುಂಡಿಗೆ ಹೆಸರು ಕೊಡಲು ಡೆವಲಪರ್ ಮರೆತಿದ್ದರೆ ಅವರ ಕಿವಿಗೆ ಬೀಳುವುದು ಹೆಸರಿಲ್ಲದ ಗುಂಡಿ ಎಂದಷ್ಟೇ. ಹಣ ಕಳಿಸುವುದು ಯಾವುದು, ರದ್ದು ಮಾಡುವುದು ಯಾವುದು ತಿಳಿಯದು. ಇದಕ್ಕೆಲ್ಲ ಅಳತೆಗಳು ಸಿದ್ಧವಾಗಿವೆ. ಒತ್ತುವ ಜಾಗ ಆ್ಯಪಲ್ ಪ್ರಕಾರ ಕನಿಷ್ಠ 44 ಪಾಯಿಂಟ್, ಆಂಡ್ರಾಯ್ಡ್ ಪ್ರಕಾರ 48 ಡಿಪಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ, ಡಬ್ಲ್ಯುಸಿಎಜಿ ಮಾರ್ಗಸೂಚಿಯಂತೆ, ಕನಿಷ್ಠ 4.5ಕ್ಕೆ 1. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಐಎಸ್ 17802 ಎಂಬ ಮಾನಕವೂ ಇವೆ. ಇವನ್ನು ಹೆಚ್ಚುವರಿ ಅಂಕದ ವಿಷಯವಾಗಿ ಇಡುವುದನ್ನು ನಾನು ಒಪ್ಪಲಾರೆ. ಎಲ್ಲ ಅಂಕಗಳನ್ನು ಕೂಡುವ ಪದ್ಧತಿಯಲ್ಲಿ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಥಳಕು ಮುಚ್ಚಿಹಾಕುತ್ತದೆ. ಕುರುಡರು ಬಳಸಲಾಗದ ಸಾರ್ವಜನಿಕ ಸೇವೆಯ ಆ್ಯಪ್, ಹೊಸತನದ ಅಂಕ ಎಷ್ಟೇ ಇರಲಿ, ಅಂತಿಮ ಸುತ್ತಿಗೆ ಬರಬಾರದು. ಇವು ದಾಟಲೇಬೇಕಾದ ಹೊಸ್ತಿಲುಗಳಾಗಬೇಕು.

ಇನ್ನು ಖರ್ಚಿನ ಆಕ್ಷೇಪ. ಇದು ಪ್ರಾಮಾಣಿಕ ಆಕ್ಷೇಪ, ಸಾವಿರಾರು ಆ್ಯಪ್‌ಗಳನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸಲು ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಮೊದಲ ಸುತ್ತಿನಲ್ಲಿ ಯಂತ್ರಗಳೇ ಮಾಡಬಲ್ಲ ತಪಾಸಣೆ ಮತ್ತು ಪರಿಣತರ ನೋಟ ಸಾಕು; ಆ ಸುತ್ತಿನಲ್ಲಿ ಸುಲಭತೆಗೆ ಅಂಕವೇ ಬೇಡ. ಅಂತಿಮ ಸುತ್ತಿಗೆ ಉಳಿದ, ಹತ್ತು ಎಂದಿಟ್ಟುಕೊಂಡರೆ, ಆ್ಯಪ್‌ಗಳಿಗೆ ತಲಾ ಹನ್ನೆರಡು ಬಳಕೆದಾರರು, ಒಬ್ಬೊಬ್ಬರಿಗೆ ಅರ್ಧ ಗಂಟೆ ಎಂದರೆ ಒಟ್ಟು 60 ಗಂಟೆ. ಮೂರು ಕೊಠಡಿಗಳಲ್ಲಿ ಮೂರು ದಿನದೊಳಗೆ ಮುಗಿಯುವ ಕೆಲಸ. ಲಕ್ಷಗಟ್ಟಲೆ ಬಹುಮಾನ ಇಡುವ ಸ್ಪರ್ಧೆಗೆ ಇದು ಹೊರೆಯಲ್ಲ. ಐದು ಜನ ಸಾಕಲ್ಲವೇ ಎಂದು ತಿಳಿದವರು ಕೇಳಬಹುದು. ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಕೊಟ್ಟ ಲೆಕ್ಕದ ಮೇಲೆ, ಒಬ್ಬ ಬಳಕೆದಾರನಿಂದ ಸರಾಸರಿ ಶೇಕಡ 31ರಷ್ಟು ತೊಡಕು ಹೊರಬರುವುದಾದರೆ ಐವರಿಂದ ಸುಮಾರು ಶೇಕಡ 85ರಷ್ಟು ಹೊರಬರುತ್ತದೆ ಎಂಬ ಮಾತು ಪ್ರಸಿದ್ಧವಾಯಿತು. ಅದು ತೊಡಕು ಹುಡುಕಿ ತಿದ್ದುವವರಿಗೆ ಹೇಳಿದ್ದು. ಸ್ಥಾನ ನಿರ್ಧರಿಸುವಾಗ ಐವರಲ್ಲಿ ನಾಲ್ವರು ಗೆದ್ದ ಆ್ಯಪ್‌ಗೂ ಮೂವರು ಗೆದ್ದ ಆ್ಯಪ್‌ಗೂ ಇರುವ ಅಂತರ ಒಬ್ಬ ಮನುಷ್ಯನದು, ಅಷ್ಟರ ಮೇಲೆ ಬಹುಮಾನ ನಿಲ್ಲಿಸಲಾಗದು. ಹನ್ನೆರಡೂ ಕಡಿಮೆಯೇ. ಆದ್ದರಿಂದ ಸಣ್ಣ ಅಂತರಗಳನ್ನು ಸಮವೆಂದೇ ಪರಿಗಣಿಸಬೇಕು. ಹನ್ನೆರಡರಲ್ಲಿ ಹನ್ನೊಂದು ಮಂದಿ ಕೆಲಸ ಮುಗಿಸಿದ್ದಕ್ಕೂ ನಾಲ್ವರು ಮುಗಿಸಿದ್ದಕ್ಕೂ ಇರುವ ವ್ಯತ್ಯಾಸವನ್ನಂತೂ ಯಾವ ವಾದವೂ ಅಳಿಸಲಾರದು.

ಹೊಸ ಬಗೆಯ ಆ್ಯಪ್‌ಗೆ ಇದರಿಂದ ಅನ್ಯಾಯವಾಗುತ್ತದೆ ಎಂಬ ಮಾತಿನಲ್ಲೂ ಹುರುಳಿದೆ. ಕಂಡರಿಯದ ವಿನ್ಯಾಸ ಮೊದಲ ಸಲ ಕೈಗೆ ಬಂದಾಗ ತಡವರಿಸುವುದು ಸಹಜ. ಹಳೆಯ ಜಾಡಿನಲ್ಲೇ ಇರುವುದು ಸಲೀಸಾಗಿ ಗೆಲ್ಲುತ್ತದೆ. ಅದಕ್ಕೆ ಪರಿಹಾರ ಅದೇ ಬಳಕೆದಾರರಿಗೆ ಅದೇ ಬಗೆಯ ಕೆಲಸವನ್ನು ಎರಡನೆಯ ಸಲ ಕೊಡುವುದು. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಆದ ಸುಧಾರಣೆಯೇ ಆ್ಯಪ್ ಎಷ್ಟು ಬೇಗ ಕಲಿಯಲು ಬರುತ್ತದೆ ಎಂಬುದನ್ನು ಹೇಳುತ್ತದೆ, ಮತ್ತು ದಿನನಿತ್ಯ ಬಳಸುವ ಆ್ಯಪ್‌ಗೆ ಮೊದಲ ಸಲದ ತಡವರಿಕೆಗಿಂತ ಅದೇ ಮುಖ್ಯ. ತುರ್ತು ಸಹಾಯದ ಆ್ಯಪ್‌ಗೆ ಇದು ತಿರುವುಮುರುವು, ಅಲ್ಲಿ ಎರಡನೆಯ ಅವಕಾಶವೇ ಇರುವುದಿಲ್ಲ. ಯಾವ ವಿಭಾಗಕ್ಕೆ ಯಾವುದು ಲೆಕ್ಕ ಎಂದು ಮೊದಲೇ ಪ್ರಕಟಿಸಬೇಕು. ಪ್ರಕಟಿಸಿದರೆ ತಂಡಗಳು ಪರೀಕ್ಷೆಗೆಂದೇ ಆ್ಯಪ್ ಕಟ್ಟುತ್ತವೆ ಎಂಬ ಅಳುಕು ಬೇಡ. ಬಳಕೆದಾರರು ಕೆಲಸ ಮುಗಿಸುವಂತೆ ಆ್ಯಪ್ ಕಟ್ಟಿದರೆ ನಷ್ಟ ಯಾರಿಗೂ ಇಲ್ಲ. ನಿಖರವಾಗಿ ಯಾವ ಕೆಲಸ ಮಾಡಿಸಲಾಗುತ್ತದೆ ಎಂಬುದನ್ನು ಮಾತ್ರ ಗುಟ್ಟಾಗಿಟ್ಟರೆ ಸಾಕು.

ಇಂಥ ಪರೀಕ್ಷೆ ನಡೆಸಲು ಸಾಧ್ಯವೇ ಇಲ್ಲದ ಸ್ಪರ್ಧೆಗಳೂ ಇವೆ. ಅಮೆರಿಕದ ಸಂಸತ್ತಿನ ಕೆಳಮನೆ ವಿದ್ಯಾರ್ಥಿಗಳಿಗೆ ನಡೆಸುವ ಕಾಂಗ್ರೆಷನಲ್ ಆ್ಯಪ್ ಚಾಲೆಂಜ್‌ನಲ್ಲಿ ಮಕ್ಕಳು ಆ್ಯಪ್ ತೋರಿಸುವ ಚಿಕ್ಕ ವಿಡಿಯೊ ಕಳಿಸುತ್ತಾರೆ. ಹುಡುಗಿಯರಿಗಾಗಿ 2010ರಲ್ಲಿ ಆರಂಭವಾದ ಟೆಕ್ನೊವೇಶನ್‌ನಲ್ಲೂ ತೀರ್ಪುಗಾರರ ಮುಂದೆ ಬರುವುದು ಮುಖ್ಯವಾಗಿ ವಿಡಿಯೊಗಳೇ. ಮಕ್ಕಳನ್ನು ತಂತ್ರಜ್ಞಾನದ ಕಡೆ ಸೆಳೆಯುವ ಅವುಗಳ ಗುರಿಗೆ ಅದು ಸಾಕು. ಅಂಥ ಕಡೆ ಮಾಡಬೇಕಾದ ಸರಿಯಾದ ಕೆಲಸವೆಂದರೆ ಸುಲಭತೆಯ ಮಾನದಂಡವನ್ನು ನಿಯಮಾವಳಿಯಿಂದಲೇ ತೆಗೆದು, ಬಳಕೆದಾರರ ಅಭಿಪ್ರಾಯವನ್ನು ತಂಡ ಎಷ್ಟು ಕೇಳಿದೆ, ಅವರ ಮಾತಿನಿಂದ ಆ್ಯಪ್‌ನಲ್ಲಿ ಏನೇನು ಬದಲಿಸಿದೆ ಎಂಬುದಕ್ಕೆ ಆ ಅಂಕಗಳನ್ನು ಕೊಡುವುದು. ಅದನ್ನು ವಿಡಿಯೊದಲ್ಲೂ ಬರಹದಲ್ಲೂ ತೋರಿಸಬಹುದು, ಪ್ರಶ್ನೆ ಕೇಳಿ ಖಚಿತಪಡಿಸಿಕೊಳ್ಳಬಹುದು. ಪರೀಕ್ಷೆ ನಡೆಸುವ ಸ್ಪರ್ಧೆಗಳಿಗೆ ಇನ್ನೊಂದು ಹೊಣೆ ಇದೆ. ಸೋತ ತಂಡಕ್ಕೆ ಈಗ ಸಿಗುವುದು ಭಾಗವಹಿಸಿದ್ದಕ್ಕೆ ವಂದನೆ ಎಂಬ ಒಂದು ಇಮೇಲ್. ಅದರ ಬದಲು ತಮ್ಮ ಆ್ಯಪನ್ನು ಹಿಡಿದ ಹನ್ನೆರಡು ಜನರಲ್ಲಿ ಎಷ್ಟು ಮಂದಿ ಯಾವ ಪರದೆಯಲ್ಲಿ ನಿಂತರು, ಎಲ್ಲಿ ತಪ್ಪು ಗುಂಡಿ ಒತ್ತಿದರು, ಯಾವ ಪದ ಅರ್ಥವಾಗಲಿಲ್ಲ ಎಂಬ ದಾಖಲೆ ಅವರ ಕೈಸೇರಬೇಕು. ತೀರ್ಪು ತಪ್ಪೆನಿಸಿದರೆ ಅದನ್ನು ಮುಂದಿಟ್ಟು ಪ್ರಶ್ನಿಸಬಹುದು. ಸರಿಯೆನಿಸಿದರೆ ಮರುದಿನದಿಂದಲೇ ತಿದ್ದಲು ಕೂರಬಹುದು.